ಐನೂರು ಲಿಂಕಿಗೆ ದುಡ್ಡು ಕೊಡುವ ಮುಂಚೆ

ಹೋದ ವಾರ ತುಮರಿ ಕಡೆಯ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಹೊಸ ಹೋಮ್‌ಸ್ಟೇ, ಹೊಸ ವೆಬ್‌ಸೈಟ್. ಯಾರೋ ಒಬ್ಬ ‘500 ಬ್ಲಾಗಲ್ಲಿ ಕಾಮೆಂಟ್ ಹಾಕಿ ನಿಮ್ಮ ಲಿಂಕ್ ಬಿಡ್ತೀನಿ, ಗೂಗಲ್‌ನಲ್ಲಿ ಮೇಲೆ ಬರ್ತೀರಿ’ ಅಂದಿದ್ದಾನಂತೆ. ಕೊಡ್ಲಾ ಅಂತ ಕೇಳಿದರು. ನಾನು ನಕ್ಕುಬಿಟ್ಟೆ. ನಗುವ ಹಕ್ಕು ನನಗಿದೆ. 2018ರಲ್ಲಿ ಇದೇ ಕೆಲಸಕ್ಕೆ ಆರು ಸಾವಿರ ಕೊಟ್ಟವಳು ನಾನು. ಆ ವರ್ಷ ಅಡಿಕೆಗೆ ಕೊಳೆರೋಗ ಬೇರೆ.

ಸಾಗರದ ಹತ್ತಿರ ನಮ್ಮದು ತೋಟದ ಮನೆ, ಅದರಲ್ಲೇ ಮೂರು ಕೋಣೆಯ ಹೋಮ್‌ಸ್ಟೇ. ದುಡ್ಡು ಕೊಟ್ಟ ಮೇಲೆ ಒಂದು ಎಕ್ಸೆಲ್ ಶೀಟ್ ಬಂತು. ಜಗಲಿಯಲ್ಲಿ ಕೂತು ಒಂದೊಂದೇ ಲಿಂಕ್ ತೆಗೆದು ನೋಡಿದೆ. ಒಂದು, ಲಾರಿ ಟೈರಿನ ಬಗ್ಗೆ ಬರೆದ ಬ್ಲಾಗ್‌ ಕೆಳಗಿತ್ತು. ಹೆಸರಿನ ಜಾಗದಲ್ಲಿ ನನ್ನ ಹೆಸರಿಲ್ಲ, ‘ಬೆಸ್ಟ್ ಹೋಮ್‌ಸ್ಟೇ ನಿಯರ್ ಜೋಗ್ ಫಾಲ್ಸ್’ ಅಂತಿದೆ. ಕಾಮೆಂಟು ‘ನೈಸ್ ಪೋಸ್ಟ್’. ಮೇಲೊಬ್ಬ ಸಾಲ ಕೊಡುವವ, ಕೆಳಗೊಬ್ಬ ಕೂದಲೆಣ್ಣೆಯವ. ನಡುವೆ ನಮ್ಮ ತೋಟದ ಮನೆ!

ಇದು ಯಾಕೆ ಕೆಲಸಕ್ಕೆ ಬರಲ್ಲ ಅಂತ ಆಮೇಲೆ ಕಲಿತೆ. ಒಂದು ಸೈಟು ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಗೂಗಲ್ ಅದನ್ನ ಶಿಫಾರಸಿನ ಹಾಗೆ ನೋಡುತ್ತೆ. ಇದು ಗೊತ್ತಾದ ಕೂಡಲೇ ಜನ ಸಿಕ್ಕ ಸಿಕ್ಕ ಬ್ಲಾಗಿನ ಕಾಮೆಂಟಿಗೆ ಲಿಂಕ್ ಸುರಿದರು. ಅದಕ್ಕೇ 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂರೂ ಸರ್ಚ್ ಎಂಜಿನ್‌ಗಳು ನೋಫಾಲೋ ಅನ್ನುವ ಗುರುತನ್ನ ಒಪ್ಪಿಕೊಂಡವು. ಲಿಂಕಿಗೆ ಆ ಗುರುತಿದ್ದರೆ ‘ಇದು ನನ್ನ ಶಿಫಾರಸಲ್ಲ’ ಅಂತ ಬ್ಲಾಗಿನವರು ಹೇಳಿದಂತೆ. ವರ್ಡ್‌ಪ್ರೆಸ್ ಬ್ಲಾಗುಗಳಲ್ಲಿ ಕಾಮೆಂಟಿನ ಲಿಂಕಿಗೆ ಇದು ತಾನಾಗೇ ಅಂಟಿಕೊಳ್ಳುತ್ತೆ. 2019ರಲ್ಲಿ ಯುಜಿಸಿ ಅಂತ ಇನ್ನೊಂದು ಗುರುತು ಬಂತು. ಕಾಲೇಜು ಮೇಷ್ಟ್ರುಗಳ ಯುಜಿಸಿ ಅಲ್ಲ, ಓದುಗರು ಬರೆದ ಮಾತಿಗೆ ಹಾಕುವ ಗುರುತು.

ಏಜೆಂಟರ ಹತ್ತಿರ ಒಂದು ಉತ್ತರ ಇರುತ್ತೆ. ‘ನೋಫಾಲೋ ಈಗ ಬರೀ ಸುಳಿವು ಅಂತ ಗೂಗಲ್ಲೇ ಹೇಳಿದೆ ಮೇಡಂ’ ಅಂತಾರೆ. ಅದು 2019ರಲ್ಲೇ ಹೇಳಿದ್ದು, ನಿಜ. ಆದರೆ ಸುಳಿವು ಅಂದರೆ ಲಿಂಕನ್ನ ಲೆಕ್ಕಕ್ಕೆ ತಗೊಂಡರೂ ತಗೊಳ್ಳಬಹುದು, ಬಿಟ್ಟರೂ ಬಿಡಬಹುದು ಅಂತ. ಟೈರ್ ಬ್ಲಾಗಿನ ಕೆಳಗಿನ ಹೋಮ್‌ಸ್ಟೇನ ಯಾರು ಲೆಕ್ಕಕ್ಕೆ ತಗೋತಾರೆ? ನೋಫಾಲೋ ಇಲ್ಲದ ಬ್ಲಾಗ್ ಪಟ್ಟಿ ಕೊಡ್ತೀವಿ ಅಂತಲೂ ಬರ್ತಾರೆ. ಅಲ್ಲಿ ಆಗಲೇ ಸಾವಿರ ಜನ ಬಂದು ಹೋಗಿರುತ್ತಾರೆ.

ನೀವೇ ನೋಡಿಕೊಳ್ಳಿ, ಎರಡು ನಿಮಿಷದ ಕೆಲಸ. ಕಂಪ್ಯೂಟರಿನಲ್ಲಿ ಕ್ರೋಮ್ ತೆಗೆಯಿರಿ. ಏಜೆಂಟ್ ತೋರಿಸಿದ ಕಾಮೆಂಟಿನ ಲಿಂಕ್ ಮೇಲೆ ಮೌಸಿನ ಬಲಗಡೆ ಒತ್ತಿ. ಮೆನುವಿನ ಕೊನೆಯಲ್ಲಿ ಇನ್‌ಸ್ಪೆಕ್ಟ್ ಅಂತ ಇರುತ್ತೆ, ಒತ್ತಿ. ಪಕ್ಕದಲ್ಲಿ ಕೋಡ್ ತೆರೆದುಕೊಳ್ಳುತ್ತೆ. ಹೆದರಬೇಡಿ, ಬಣ್ಣ ಹಚ್ಚಿ ತೋರಿಸಿದ ಆ ಒಂದು ಸಾಲು ಸಾಕು. ನಿಮ್ಮ ಸೈಟಿನ ಅಡ್ರೆಸ್ ಅದರಲ್ಲಿರುತ್ತೆ. ಅದೇ ಸಾಲಿನಲ್ಲಿ ರೆಲ್ (rel) ಅಂತ ಹುಡುಕಿ. ಅದರ ಮುಂದೆ ನೋಫಾಲೋ (nofollow) ಅಥವಾ ಯುಜಿಸಿ (ugc) ಇದ್ದರೆ ಫೋನ್ ಇಟ್ಟುಬಿಡಿ. ನನ್ನ ಶೀಟಿನಲ್ಲಿ ಇಪ್ಪತ್ತು ನೋಡಿದೆ, ಹದಿನೆಂಟರಲ್ಲಿ ಇತ್ತು. ಇನ್ನೆರಡು ಪೇಜು ತೆರೆಯಲೇ ಇಲ್ಲ.

ಆಗಲೇ ದುಡ್ಡು ಕೊಟ್ಟಾಗಿದೆಯಾ? ಸೈಟಿನ ಮಾಲೀಕರಿಗೆ ಅಂತ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆಗೆದು ಮ್ಯಾನ್ಯುವಲ್ ಆ್ಯಕ್ಷನ್ಸ್ ನೋಡಿ. ಗೂಗಲ್‌ನವರು ನಿಮ್ಮ ಸೈಟಿನ ಮೇಲೆ ಕ್ರಮ ತಗೊಂಡಿದ್ದರೆ ಅಲ್ಲಿ ಬರೆದಿರುತ್ತೆ. ಏನೂ ಇಲ್ಲದಿದ್ದರೆ ಸುಮ್ನೆ ಬಿಡಿ. 2012ರಲ್ಲಿ ಕೆಟ್ಟ ಲಿಂಕ್ ಹಿಡಿಯೋಕೆ ಗೂಗಲ್ ತಂದ ಪೆಂಗ್ವಿನ್ ಅನ್ನುವ ಬದಲಾವಣೆ ಬಂದಾಗ ಇಂಥ ಲಿಂಕಿಗೆ ಸೈಟುಗಳೇ ಕೆಳಗೆ ಬೀಳುತ್ತಿದ್ದವು. 2016ರಿಂದೀಚೆಗೆ ಹೆಚ್ಚಾಗಿ ಆ ಲಿಂಕನ್ನೇ ಲೆಕ್ಕದಿಂದ ಬಿಡ್ತಾರೆ. ಎಚ್ಚರಿಕೆ ಬಂದಿದ್ದರೆ ಮಾತ್ರ ಲಿಂಕ್ ತೆಗೆಸುವ ಕೆಲಸಕ್ಕೆ ಕೈ ಹಾಕಿ.

ಹಾಗಂತ ಕಾಮೆಂಟೇ ಬೇಡ ಅಂತಲ್ಲ. ಒಬ್ಬರು ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎಳೆಯಷ್ಟೇ ಇವೆ ಅಂತ ತಮ್ಮ ಬ್ಲಾಗಿನಲ್ಲಿ ಬೇಜಾರಿನಲ್ಲಿ ಬರೆದಿದ್ದರು. ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತೆ, ಜುಲೈ ಆಗಸ್ಟಿನಲ್ಲಿ ಬನ್ನಿ ಅಂತ ನನ್ನ ಹೆಸರಲ್ಲೇ ಕಾಮೆಂಟ್ ಬರೆದೆ. ಲಿಂಕ್ ಹಾಕಲಿಲ್ಲ. ಆಗಸ್ಟಿನಲ್ಲಿ ಅವರು ಬಂದು ಎರಡು ದಿನ ಉಳಿದರು. ಅಪ್ಪೆಮಿಡಿ ಬಾಟಲಿ ಹೊತ್ತುಕೊಂಡು ಹೋದರು, ಆಮೇಲೆ ಲೇಖನದೊಳಗೇ ನಮ್ಮ ಲಿಂಕ್ ಸೇರಿಸಿದರು. ಅದು ಶಿಫಾರಸು, ಅಲ್ವಾ?

ನಮಗೆ ಜಾಸ್ತಿ ಲಿಂಕ್ ತಂದಿದ್ದು ಒಂದೇ ಪೇಜು. ಸಿಗಂದೂರಿಗೆ ಹೋಗುವವರು ಕೇಳಿದ್ದನ್ನೇ ಕೇಳ್ತಾರೆ ಅಂತ ಬರೆದಿಟ್ಟಿದ್ದು. ಅಂಬಾರಗೋಡ್ಲಿನಲ್ಲಿ ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಕಾರು ಹತ್ತಿಸ್ತಾರಾ, ಹಬ್ಬದಲ್ಲಿ ಕ್ಯೂ ಎಲ್ಲಿವರೆಗೆ, ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿ ಯಾಕೆ ಬಿಡಲ್ಲ, ಇಷ್ಟೇ. ಯಾರನ್ನೂ ಕೇಳದೆ ಲಿಂಕ್ ಬಂದವು. ನೀವೂ ಅತಿಥಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನ ಒಂದು ತಿಂಗಳು ಕ್ಯಾಲೆಂಡರಿನ ಹಿಂದೆ ಬರೆದಿಡಿ, ಜಾಸ್ತಿ ಸಲ ಬಂದದ್ದಕ್ಕೆ ಪೇಜು ಮಾಡಿ.

2025ರ ಜುಲೈನಲ್ಲಿ ಆ ಹಿನ್ನೀರಿಗೆ ಸೇತುವೆ ಆಯಿತು, ನನ್ನ ಪೇಜು ಹಳತಾಯಿತು. ಇಂಥ ಹೊತ್ತಲ್ಲಿ ಹೊಸ ಪೇಜು ಮಾಡಬೇಡಿ. ಅಡ್ರೆಸ್ ಹಾಗೇ ಇಟ್ಟು ಒಳಗಿನದನ್ನ ಮಾತ್ರ ಬದಲಿಸಿ, ಹಳೇ ಲಿಂಕೆಲ್ಲ ಉಳಿಯುತ್ತೆ. ನಾನೂ ಹಾಗೇ ಮಾಡಿದೆ. ಈಗ ಅದರಲ್ಲಿ ಇರೋದು ಸೇತುವೆ ದಾರಿ, ಅಡ್ರೆಸ್ಸಿನಲ್ಲಿ ಮಾತ್ರ ಇನ್ನೂ ಲಾಂಚ್ ಅಂತಲೇ ಇದೆ.