ಕಡವೆ ಬಾಯಿಂದ ಹಣ್ಣಿನ ಗಿಡ ಉಳಿಸಿಕೊಳ್ಳುವುದು ಹೇಗೆ?

ಜೂನ್ ಮಳೆಗೆ ನೆಟ್ಟ ಅಪ್ಪೆಮಿಡಿ (ಉಪ್ಪಿನಕಾಯಿ ಮಾವು) ಕಸಿ ಗಿಡ. ಎರಡು ತಿಂಗಳಿಗೆ ತಾಮ್ರದ ಬಣ್ಣದ ಚಿಗುರು ಬಿಟ್ಟಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಬರೀ ಕೋಲು! ಮಲೆನಾಡಿನ ಕಾಡಂಚಿನಲ್ಲಿ ಮನೆ ಇದ್ದವರಿಗೆ ಇದೇನು ಹೊಸದಲ್ಲ. ನನಗೂ ಮೂರು ಗಿಡ ಹೋದ ಮೇಲೆಯೇ ಬುದ್ಧಿ ಬಂದದ್ದು.

ಮೊದಲು ಕಳ್ಳ ಯಾರು ಅಂತ ನೋಡಿಕೊಳ್ಳಿ. ಜಿಂಕೆ, ಕಡವೆ, ಕಾಡುಕುರಿಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ. ಹಾಗಾಗಿ ಚಿಗುರನ್ನು ಕಚ್ಚಿ ಎಳೆಯುತ್ತವೆ. ತುದಿಯಲ್ಲಿ ನಾರು ನಾರಾಗಿ ಹರಿದಿರುತ್ತದೆ. ಮೊಲವಾದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ, ಅದೂ ಮೊಣಕಾಲಿಗಿಂತ ಕೆಳಗೆ. ಮುಳ್ಳುಹಂದಿ ಬುಡದ ತೊಗಟೆ ತಿನ್ನುತ್ತದೆ. ಮಂಗನ ಕೆಲಸ ಕೇಳುವುದೇ ಬೇಡ, ತಿಂದದ್ದಕ್ಕಿಂತ ಮುರಿದು ಎಸೆದದ್ದೇ ಜಾಸ್ತಿ. ಚಿಗುರು ನಾರು ನಾರಾಗಿ ಹರಿದು, ನೆಲದಲ್ಲಿ ಸೀಳುಗೊರಸಿನ ಗುರುತೂ ಇದ್ದರೆ ಜಿಂಕೆ ಜಾತಿಯದ್ದೇ ಕೆಲಸ, ಅನುಮಾನ ಬೇಡ.

ಹತ್ತಿಪ್ಪತ್ತು ಗಿಡ ಇದ್ದರೆ ಒಂದೊಂದಕ್ಕೂ ಗೂಡು ಕಟ್ಟುವುದೇ ಸರಿ. 6 ಅಡಿ ಎತ್ತರದ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಬಲೆ) ತನ್ನಿ. 10 ಅಡಿ ಉದ್ದ ಕತ್ತರಿಸಿ ಸುತ್ತಿದರೆ ಸುಮಾರು 3 ಅಡಿ ಅಗಲದ ಗೂಡಾಗುತ್ತದೆ. ಇದಕ್ಕಿಂತ ಕಿರಿದು ಮಾಡಬೇಡಿ. ಎಲೆ ಬಲೆಗೆ ತಾಗಿಕೊಂಡಿದ್ದರೆ ಹೊರಗಿನಿಂದಲೇ ಮೂತಿ ಒತ್ತಿ ಎಳೆದುಕೊಳ್ಳುತ್ತವೆ. ನಾಲ್ಕು ಅಡಿಕೆ ದಬ್ಬೆಗಳನ್ನು (ಅಡಿಕೆ ಮರದ ಸೀಳುಗಳನ್ನು) ಒಂದೂವರೆ ಅಡಿ ಆಳಕ್ಕೆ ಹುಗಿದು ಬಲೆಯನ್ನು ಬಿಗಿಯಾಗಿ ಕಟ್ಟಿ. ಬುಡ ಸಡಿಲ ಇದ್ದರೆ ಕಡವೆ ಒರಗಿಯೇ ಬೀಳಿಸುತ್ತದೆ. ಬಲೆ ಕೂಡುವ ಕಡೆ ಮಾತ್ರ ತಂತಿಯ ಕೊಕ್ಕೆ ಹಾಕಿ. ಗೊಬ್ಬರ ಹಾಕಲು, ಕಳೆ ಕೀಳಲು ತೆಗೆಯಬೇಕಲ್ವಾ?

ಮೀನಿನ ಬಲೆ ಅಗ್ಗಕ್ಕೆ ಸಿಗುತ್ತದೆ ಅಂತ ಸುತ್ತಬೇಡಿ. ಕೊಂಬು ಸಿಕ್ಕಿಕೊಂಡು ಪ್ರಾಣಿ ಒದ್ದಾಡುತ್ತದೆ, ಹಾವುಗಳೂ ಸಿಕ್ಕಿ ಸಾಯುತ್ತವೆ.

ಹಳೆ ಸೀರೆ ಕಟ್ಟುವವರಿದ್ದಾರೆ. ಮೊದಲ ವಾರ ಹೆದರುತ್ತವೆ. ಆಮೇಲೆ ಸೀರೆಯ ಅಂಚೂ ಪರಿಚಯವಾಗಿಬಿಡುತ್ತದೆ! ಕೊಳೆತ ಮೊಟ್ಟೆ ನೀರಿನ ವಾಸನೆ ಇದಕ್ಕಿಂತ ವಾಸಿ. ಬೇಸಿಗೆಯಲ್ಲಿ ಚಿಗುರು ಬಂದಾಗ ಸಿಂಪಡಿಸಬಹುದು. ಆದರೆ ಆಗುಂಬೆ ಕಡೆಯ ಮಳೆಯಲ್ಲಿ ಅದು ಸುಮ್ನೆ ದಂಡ.

ಗಿಡ ಜಾಸ್ತಿ ಇದ್ದರೆ ಪೂರ್ತಿ ತೋಟಕ್ಕೇ ಬೇಲಿ ಬೇಕು. ಜಿಂಕೆಗೆ 6 ಅಡಿ ಸಾಕಾಗಬಹುದು, ಕಡವೆ ಇರುವ ಕಡೆ 8 ಅಡಿ ಇರಲಿ. ಬೇಲಿ ಎಷ್ಟೇ ಗಟ್ಟಿ ಇದ್ದರೂ ಉಣುಗೋಲು (ಬೇಲಿ ಬಾಗಿಲಿನ ಅಡ್ಡಗೋಲು) ಹಾಕದೆ ಮಲಗಿದ ರಾತ್ರಿಯೇ ಅವು ಬರುತ್ತವೆ. ಸೋಲಾರ್ ಬೇಲಿ ಹಾಕಿದವರು ತಂತಿಗೆ ತಾಗುವ ಹುಲ್ಲು ಸವರುತ್ತಿರಬೇಕು, ಇಲ್ಲದಿದ್ದರೆ ಶಾಕ್ ನೆಲಕ್ಕೆ ಹೋಗುತ್ತದೆ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವ ಯೋಚನೆ ಮಾತ್ರ ಬೇಡವೇ ಬೇಡ. ಮನುಷ್ಯರೇ ಸಾಯುತ್ತಾರೆ. ಪ್ರಾಣಿ ಸತ್ತರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಗೂಡು ಎಷ್ಟು ವರ್ಷ ಬೇಕು? ಕೊಂಬೆಗಳು ನಿಮ್ಮ ತಲೆಗಿಂತ ಒಂದಡಿ ಮೇಲೆ ಹೋಗುವವರೆಗೆ. ಬಿಚ್ಚಿದ ಮೇಲೂ ಕಾಂಡದ ಮೇಲೆ ಕಣ್ಣಿರಲಿ. ಕೊಂಬಿನ ಮೇಲಿನ ತೆಳು ಚರ್ಮ ಉದುರುವ ಕಾಲಕ್ಕೆ ಗಂಡು ಕಡವೆ ಎಳೆ ಕಾಂಡಕ್ಕೇ ಕೊಂಬು ಉಜ್ಜುತ್ತದೆ. ತೊಗಟೆ ಸುತ್ತಲೂ ಸುಲಿದರೆ ಗಿಡ ಒಣಗಿದಂತೆಯೇ. ಮಳೆ ಬಿಟ್ಟ ಮೇಲೆ ಅಡಿಕೆ ಹಾಳೆಯನ್ನು ಕಾಂಡಕ್ಕೆ ಸಡಿಲವಾಗಿ ಸುತ್ತಿ ಕಟ್ಟಿ. ಮತ್ತೆ ಮಳೆ ಹಿಡಿಯುವ ಮೊದಲು ಬಿಚ್ಚಿಬಿಡಿ, ಒಳಗೆ ತೇವ ನಿಂತರೆ ತೊಗಟೆ ಕೊಳೆಯುತ್ತದೆ.