ಕಾರಿಲ್ಲದೆ ಲಾಟ್ ಕಣಿವೆಯ ಹಳ್ಳಿಗಳು: ನನ್ನ ಅನುಭವ

ಫ್ರಾನ್ಸಿನ ಹಳ್ಳಿಗಾಡನ್ನು ನೋಡಬೇಕೆಂದರೆ ಕಾರು ಬೇಕೇ ಬೇಕು ಎಂದು ಬೆಂಗಳೂರಿನ ಪ್ರವಾಸ ಏಜೆಂಟರು ಹೇಳಿದ್ದರು. ಪ್ಯಾರಿಸಿನಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮೂರ ಕಡೆಯ ಗೆಳೆಯರೊಬ್ಬರಂತೂ, ಅದರಲ್ಲೂ ಸಸ್ಯಾಹಾರಿಯಾದ ನೀವು ಮೂರನೆಯ ದಿನಕ್ಕೇ ವಾಪಸು ಬರುತ್ತೀರಿ ಎಂದು ನಕ್ಕಿದ್ದರು. ನೈಋತ್ಯ ಫ್ರಾನ್ಸಿನ ಲಾಟ್ ಸೀಮೆಯನ್ನು ಬಸ್ಸು, ರೈಲು ಮತ್ತು ಕಾಲ್ನಡಿಗೆಯನ್ನಷ್ಟೇ ನಂಬಿ ಎರಡು ವಾರಕ್ಕೂ ಮೀರಿ ಸುತ್ತಿ ಬಂದ ಮೇಲೆ ಅವರೇ ದಾರಿಯ ವಿವರ ಕೇಳುತ್ತಿದ್ದಾರೆ. ವೀಸಾ, ವಿಮೆ, ಬೂಟು, ನಕ್ಷೆಗಳ ವಿಷಯ ಓದುಗರಿಗೆ ತಿಳಿದಿದೆಯೆಂದು ಭಾವಿಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಕ್ರಮ ಇಷ್ಟೇ: ಬೆಳಗಿನ ಮೊದಲ ಬಸ್ಸಿನಲ್ಲೋ ರೈಲಿನಲ್ಲೋ ದೂರದ ಊರಿಗೆ ಹೋಗಿ ಇಳಿದು, ಅಲ್ಲಿಂದ ನಾನು ತಂಗಿರುವ ಊರಿನ ದಿಕ್ಕಿಗೆ, ಅದೇ ಸಾರಿಗೆ ಮಾರ್ಗದ ಆಸುಪಾಸಿನಲ್ಲಿ ನಡೆದು ಬರುವುದು. ಬಹುತೇಕರು ತಂಗಿದ ಊರಿನಿಂದ ಹೊರಕ್ಕೆ ನಡೆದು, ಸಂಜೆ ದೂರದ ಹಳ್ಳಿಯೊಂದರಲ್ಲಿ ಕೊನೆಯ ಬಸ್ಸಿಗೆ ಕಾಯುತ್ತಾರೆ. ದಿನಕ್ಕೆ ಕೆಲವೇ ಬಸ್ಸುಗಳಿರುವ ಈ ಸೀಮೆಯಲ್ಲಿ ಒಂದು ತಪ್ಪಿತೆಂದರೆ ಕಥೆ ಮುಗಿಯಿತು. ಒಳಮುಖವಾಗಿ ನಡೆದರೆ ಹೆಜ್ಜೆ ಹೆಜ್ಜೆಗೂ ಊರು ಹತ್ತಿರವಾಗುತ್ತದೆ, ನಡುವೆ ಸಿಗುವ ನಿಲ್ದಾಣದಲ್ಲಿ ಬಸ್ಸು ಸಿಕ್ಕರೆ ಹತ್ತಬಹುದು, ಸಿಗದಿದ್ದರೆ ಮುಂದಿನ ನಿಲ್ದಾಣದವರೆಗೆ ಇನ್ನೊಂದು ಗಂಟೆ ನಡೆಯಬಹುದು. ಇದಕ್ಕಾಗಿ ಕಾಓರ್ ಮತ್ತು ಫಿಜಾಕ್ ಎಂಬ ಎರಡು ಪಟ್ಟಣಗಳನ್ನು ಮಾತ್ರ ತಂಗುದಾಣವಾಗಿ ಇಟ್ಟುಕೊಂಡೆ. ಎರಡಕ್ಕೂ ರೈಲುಂಟು, ಎರಡರ ನಡುವೆ ಲಾಟ್ ನದಿಯ ಗುಂಟ ಬಸ್ಸು ಓಡುತ್ತದೆ.

ಈ ಕ್ರಮ ಅತ್ಯುತ್ತಮವಾಗಿ ಫಲಿಸಿದ್ದು ರೊಕಮಾದೂರಿನಲ್ಲಿ. ಫಿಜಾಕಿನಿಂದ ರೈಲಿನ ಟಿಕೆಟ್ಟಿಗೆ 10 ಯೂರೋದೊಳಗೇ ಕೊಟ್ಟ ನೆನಪು. ನಿಲ್ದಾಣ ಊರಿನಿಂದ 4-5 ಕಿ.ಮೀ. ದೂರದಲ್ಲಿರುವುದನ್ನು ಕಂಡು ಜನ ಬೇಸರಪಡುತ್ತಾರೆ, ಆದರೆ ನಡೆದು ಹೋದವರಿಗೆ ಮಾತ್ರ ಲೋಸ್ಪಿತಾಲೆ ಎಂಬ ಪುಟ್ಟ ಹಳ್ಳಿಯ ಅಂಚಿನಲ್ಲಿ ಇಡೀ ಊರು ಒಮ್ಮೆಗೇ ಎದುರಾಗುತ್ತದೆ: ಕೆಳಗೆ ಒಂದೇ ಬೀದಿಯ ಮನೆಗಳು, ನಡುವೆ ಬಂಡೆಗೆ ಅಂಟಿಕೊಂಡ ಗುಡಿಗಳು, ತುದಿಯಲ್ಲಿ ಕೋಟೆ. ಕಪ್ಪು ಮೇರಿಮಾತೆಯ ಸನ್ನಿಧಿಗೆ ಏರುವ 216 ಮೆಟ್ಟಿಲುಗಳನ್ನು ಹಿಂದೆ ಯಾತ್ರಿಕರು ಮೊಣಕಾಲಿನ ಮೇಲೆ ಹತ್ತುತ್ತಿದ್ದರಂತೆ. ಬಂಡೆಯಲ್ಲಿ ಸಿಕ್ಕಿಸಿದ್ದ, ಫ್ರೆಂಚ್ ದಂತಕಥೆಯ ವೀರ ರೋಲಾನ ಡ್ಯುರಾಂದಾಲ್ ಎಂದು ಜನ ಕರೆಯುತ್ತಿದ್ದ ಕತ್ತಿ 2024ರಲ್ಲಿ ಕಾಣೆಯಾಯಿತು. ನಾನು ಹೋದಾಗ ಅಲ್ಲಿ ನೋಡಲು ಬಂಡೆ ಮಾತ್ರ ಉಳಿದಿತ್ತು. ಪ್ರವಾಸಿ ಬಸ್ಸುಗಳು ಬರುವುದು ಹತ್ತು ಗಂಟೆಯ ನಂತರ. ಅಷ್ಟರಲ್ಲಿ ಊರು ನೋಡಿ ಮುಗಿಸಿ, ಕೆಳಗಿಳಿದು ಆಲ್ಝೂ ಹೊಳೆಯ ಕಮರಿಯನ್ನು ಹೊಕ್ಕಿದ್ದೆ.

ಈ ಕಮರಿಯಲ್ಲಿ ಗ್ರಾಮಾ ಪಟ್ಟಣದವರೆಗೆ ಹತ್ತು ಹನ್ನೆರಡು ಕಿ.ಮೀ. ನಡೆಯಬೇಕು. ಗ್ರಾಮಾ ಅದೇ ರೈಲು ಮಾರ್ಗದಲ್ಲಿ, ಫಿಜಾಕಿಗೆ ಒಂದು ನಿಲ್ದಾಣ ಹತ್ತಿರದಲ್ಲಿರುವುದೇ ಇದರ ಗುಟ್ಟು. ನೆಲವೆಲ್ಲ ಸುಣ್ಣಕಲ್ಲಾದ್ದರಿಂದ ಹೊಳೆ ಅಲ್ಲಲ್ಲಿ ನೆಲದೊಳಕ್ಕೆ ಇಳಿದು ಮಾಯವಾಗುತ್ತದೆ, ಬೇಸಿಗೆಯಲ್ಲಿ ಬರಿಯ ಕಲ್ಲುಹಾಸು ಉಳಿಯುತ್ತದೆ. ನಾನು ಹೋದದ್ದು ಮೇ ತಿಂಗಳಿನಲ್ಲಿ, ಅದಕ್ಕೆ ಮುಂಚೆ ಒಳ್ಳೆಯ ಮಳೆಯಾಗಿದ್ದರಿಂದ ನೀರಿತ್ತು. ದಾರಿಯುದ್ದಕ್ಕೂ ಪಾಳುಬಿದ್ದ ನೀರುಗಿರಣಿಗಳಿವೆ. ಅವುಗಳಲ್ಲಿ ದೊಡ್ಡದಾದ ಮೂಲಾಂ ದ್ಯು ಸೋ 1924ರಲ್ಲಿ ಬೆಂಕಿಗೆ ಆಹುತಿಯಾದದ್ದು, ಮತ್ತೆ ಏಳಲಿಲ್ಲ. ಚಾವಣಿಯಿಲ್ಲದ ಗೋಡೆಗಳ ಮೇಲೆ ಪಾಚಿ ದಪ್ಪವಾಗಿ ಬೆಳೆದಿದೆ, ಪಕ್ಕದಲ್ಲಿ ಹೊಳೆ ಧುಮುಕುತ್ತದೆ. ಅಲ್ಲಿ ಕುಳಿತು ಬುತ್ತಿ ಬಿಚ್ಚಿದ ನನಗೆ ಒಂದು ತಾಸಿನಲ್ಲಿ ಎದುರಾದವರು ಇಬ್ಬರೇ, ಅವರೂ ಸ್ಥಳೀಯರು. ಕಾರಿನಲ್ಲಿ ಬಂದವನು ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕಾದ್ದರಿಂದ ಈ ದಾರಿಯನ್ನು ಪೂರ್ತಿ ನಡೆಯಲು ಅವನಿಗೆ ಸುಲಭವಿಲ್ಲ ಎಂಬುದನ್ನು ಪ್ಯಾರಿಸಿನ ಗೆಳೆಯರಿಗೆ ವಿಶೇಷವಾಗಿ ತಿಳಿಸಿದ್ದೇನೆ.

ಸ್ಯಾಂ-ಸಿರ್-ಲಾಪೊಪಿಯ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ಲಾಟ್ ನದಿಯಿಂದ ಸುಮಾರು 100 ಮೀಟರ್ ಎತ್ತರದ ಬಂಡೆಯ ಮೇಲಿರುವ ಈ ಊರಿನಲ್ಲಿ ಕವಿ ಆಂದ್ರೆ ಬ್ರೆತೋಂ 1950ರ ದಶಕದ ಆರಂಭದಲ್ಲಿ ಮನೆ ಕೊಂಡಿದ್ದರು. ನನಗೆ ಊರಿಗಿಂತ ಅಲ್ಲಿಂದ ಬೂಝಿಯೆಸ್‌ಗೆ ಹೋಗುವ 5 ಕಿ.ಮೀ. ದಾರಿಯೇ ಹೆಚ್ಚು ಹಿಡಿಸಿತು. ಬಂಡೆ ನೇರವಾಗಿ ನೀರಿಗಿಳಿಯುವ ಕಡೆ, ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಹಗ್ಗ ಕಟ್ಟಿ ಎಳೆಯುವವರಿಗಾಗಿ 19ನೇ ಶತಮಾನದಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದ್ದಾರೆ. ತಲೆಯ ಮೇಲೂ ಬಂಡೆ, ಕಾಲಡಿಯೂ ಬಂಡೆ, ಒಂದು ಪಕ್ಕಕ್ಕೆ ಹಸಿರು ನೀರು. ಬೂಝಿಯೆಸ್‌ನ ತೂಗುಸೇತುವೆ ದಾಟಿದರೆ ಕಾಓರ್ ಬಸ್ಸು ಸಿಗುತ್ತದೆ. ನದಿಯ ಆಚೆ ದಡದ ತೂರ್-ದ-ಫೋರ್‌ನಲ್ಲಿ ಇಳಿದುಕೊಂಡರೆ ಕೋಣೆಯ ಬಾಡಿಗೆ ಮೇಲಿನ ಊರಿಗಿಂತ ಬಹಳ ಕಡಿಮೆ. ನಾನು ಒಂದು ರಾತ್ರಿ ಉಳಿದ ಮನೆ ಯಾವುದೆಂದು ಮಾತ್ರ ಹೇಳಲಾರೆ; ಅಲ್ಲಿರುವುದೇ ಎರಡು ಕೋಣೆ, ಮುಂದಿನ ವರ್ಷ ನನಗೇ ಬೇಕು.

ಸೋತ ಕಡೆಗಳೂ ಉಂಟು. ವೇಳಾಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ ಎಂದಿರುವ ಬಸ್ಸುಗಳನ್ನು ಲೆಕ್ಕದಿಂದ ಬಿಟ್ಟೇಬಿಡಬೇಕು, ಏಕೆಂದರೆ ಮೇ ತಿಂಗಳಿನಲ್ಲಿ 1, 8, ಯೇಸುವಿನ ಸ್ವರ್ಗಾರೋಹಣದ ಗುರುವಾರ ಎಂದು ರಜೆಗಳ ಸಾಲೇ ಇರುತ್ತದೆ. ಸೋಮವಾರ ಹಳ್ಳಿಗಳಲ್ಲಿ ಬ್ರೆಡ್ಡಿನ ಅಂಗಡಿಯೂ ಮುಚ್ಚಿರುವುದುಂಟು, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಯಾವ ಅಂಗಡಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಂಥ ಒಂದು ದಿನ ಬಿಸ್ಕತ್ತು ಮತ್ತು ಅಕ್ರೋಟಿನ ಮೇಲೆ 18 ಕಿ.ಮೀ. ನಡೆದೆ. ನೀರಿನ ಚಿಂತೆಯಿಲ್ಲ: ಹಳ್ಳಿಯ ಸ್ಮಶಾನಗಳಲ್ಲಿ ನಲ್ಲಿಯಿರುತ್ತದೆ, ಕುಡಿಯಬಾರದೆಂಬ ಫಲಕವಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಊಟದ್ದು ದೊಡ್ಡ ಕಥೆ. ಇದು ಬಾತುಕೋಳಿಯ ಸೀಮೆ, ಆಲೂಗಡ್ಡೆಯನ್ನೂ ಬಾತುಕೋಳಿಯ ಕೊಬ್ಬಿನಲ್ಲೇ ಹುರಿಯುತ್ತಾರೆ. ಮಾಂಸ ಬೇಡವೆಂದು ಹೇಳಿಯೂ ಒಂದು ಕಡೆ ಬಂದ ಸಲಾಡಿನಲ್ಲಿ ಅಣಬೆಯಂತೆ ಕಂಡ ಕಂದು ತುಣುಕುಗಳು ಬಾತುಕೋಳಿಯ ಜಠರದವು. ಮಾಂಸ, ಮೀನು, ಬಾತುಕೋಳಿ, ಕೊಬ್ಬು ಎಂದು ನಾಲ್ಕನ್ನೂ ಬಿಡಿಬಿಡಿಯಾಗಿ ಹೆಸರಿಸಿ ಬೇಡವೆನ್ನುವ ಚೀಟಿಯನ್ನು ಆಮೇಲೆ ಕಿಸೆಯಲ್ಲಿಟ್ಟುಕೊಂಡೆ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಅಲ್ಲಿನ ಸಾಂಪ್ರದಾಯಿಕ ಚೀಸುಗಳಲ್ಲಿ ಹೆಚ್ಚಿನವುಗಳಿಗೆ ಪ್ರಾಣಿಗಳ ಹೊಟ್ಟೆಯಿಂದ ತೆಗೆದ ಹೆಪ್ಪನ್ನೇ ಬಳಸುತ್ತಾರೆ. ಸ್ಪೇನಿನ ಸ್ಯಾಂಟಿಯಾಗೊ ಕ್ಷೇತ್ರಕ್ಕೆ ಈ ಸೀಮೆಯ ಮೂಲಕ ನಡೆದು ಹೋಗುವ ಯಾತ್ರಿಕರ ತಂಗುದಾಣಗಳಲ್ಲಿ ಅಡುಗೆಮನೆಯಿರುವವುಗಳನ್ನು ಆರಿಸಿಕೊಂಡು ಉಪ್ಪಿಟ್ಟಿನ ಪ್ರಯೋಗಕ್ಕೂ ಇಳಿದೆ. ರವೆಯಂತೆ ಕಾಣುವ ಕೂಸ್‌ಕೂಸ್ ಮೊದಲೇ ಹಬೆಯಲ್ಲಿ ಬೆಂದದ್ದಾದ್ದರಿಂದ ಮುದ್ದೆಯಾಯಿತು. ಸೆಮೂಲ್ ಎಂಬ ಅಲ್ಲಿನ ಸಣ್ಣ ಗೋಧಿರವೆ ತಂದು ಎಂದಿಗಿಂತ ಎರಡರಷ್ಟು ಹೊತ್ತು ಹುರಿದ ಮೇಲೆ ಊರಿನ ರವೆಗೆ ಸಮನಾಯಿತು. ಒಗ್ಗರಣೆಯ ಘಮಕ್ಕೆ ಮೇಜಿನ ಸುತ್ತ ಸೇರಿದ ಯಾತ್ರಿಕರು ಪಾತ್ರೆಯನ್ನು ಖಾಲಿ ಮಾಡಿದರು.

ಗ್ರೆಯಾಲೂ ಬಳಿಯ ಪೆಶ್-ಲಾಗ್ಲೇರ್ ಡಾಲ್ಮೆನ್ ಎಂಬ ಪ್ರಾಚೀನ ಕಲ್ಲುಗೋರಿಯನ್ನು ನೋಡಲು ಅರ್ಧ ದಿನ ಹೆಚ್ಚಿಗೆ ಕೊಟ್ಟೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಗೋರಿಗಳನ್ನು ಕಂಡವರಿಗೆ ಇದು ಗಾತ್ರದಲ್ಲಿ ಅಚ್ಚರಿ ಹುಟ್ಟಿಸದು. ಆದರೆ ಸ್ಯಾಂಟಿಯಾಗೊ ಯಾತ್ರಾಮಾರ್ಗದ ಜೊತೆಗೆ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಲ್ಲಿನ ಸುತ್ತ ಕೌಸ್ ಪ್ರಸ್ಥಭೂಮಿಯ ಕುಳ್ಳ ಓಕ್ ಮರಗಳು, ಸುಣ್ಣವಿಲ್ಲದೆ ಪೇರಿಸಿದ ಕಲ್ಲುಗೋಡೆಗಳು ಮತ್ತು ಕಾಡಿಗೆ ಹಚ್ಚಿದಂತೆ ಕಣ್ಣಿನ ಸುತ್ತ ಕಪ್ಪಿರುವ ಕುರಿಗಳು ಒಟ್ಟಿಗೇ ಸಿಗುತ್ತವೆ.

ಖರ್ಚನ್ನು ನೆನಪಿನಿಂದ ಹೇಳುತ್ತೇನೆ. ಬಸ್ಸಿಗೆ ಒಂದು ಸಲಕ್ಕೆ 2 ಯೂರೋ ಆಸುಪಾಸು. ಸಾಲುಮಂಚದ ಹಾಸಿಗೆಗೆ 20, ರಾತ್ರಿಯೂಟ ಮತ್ತು ತಿಂಡಿ ಸೇರಿದರೆ 45. ಎಲ್ಲ ಸೇರಿ ದಿನಕ್ಕೆ ಸರಾಸರಿ 50 ಯೂರೋ ದಾಟಲಿಲ್ಲ. ಏಜೆಂಟರು ಕಾರು, ಪೆಟ್ರೋಲು, ಹೋಟೆಲ್ ಎಂದು ಕೊಟ್ಟಿದ್ದ ಅಂದಾಜು ಇದರ ಮೂರು ಪಟ್ಟಿಗೂ ಹೆಚ್ಚಿತ್ತು. ಆದಿಮಾನವರ ಚಿತ್ರಗಳಿರುವ ಪೆಶ್ ಮೆರ್ಲ್ ಗುಹೆಯ ಟಿಕೆಟ್ಟು ಇದರಲ್ಲಿ ಸೇರಿಲ್ಲ. ದಿನಕ್ಕೆ 700 ಜನರನ್ನಷ್ಟೇ ಒಳಗೆ ಬಿಡುವುದರಿಂದ ಅದನ್ನು ಮೊದಲೇ ಕಾಯ್ದಿರಿಸಬೇಕು, ಚುಕ್ಕೆಗುದುರೆಗಳ ಆ ಚಿತ್ರಕ್ಕೆ ಎಷ್ಟು ಕೊಟ್ಟರೂ ನಷ್ಟವಿಲ್ಲ.

ನನ್ನ ಕ್ರಮ ನಡೆಯದೆ ಹೋದದ್ದು ಲಾಟ್‌ನ ಉಪನದಿಯಾದ ಸೇಲೆಯ ಕಣಿವೆಯಲ್ಲಿ. ಅಲ್ಲಿ ನಂಬಬಹುದಾದ ದಿನನಿತ್ಯದ ಬಸ್ಸು ನನಗೆ ಸಿಗಲಿಲ್ಲ. ಹೊರೆ ಹೊತ್ತು ಎಸ್ಪಾನ್ಯಾಕಿನ ಹಳೆಯ ಮಠದಲ್ಲಿ ಒಂದು ರಾತ್ರಿ, ಮಾರ್ಸಿಯಾಕಿನಲ್ಲಿ ಇನ್ನೊಂದು ರಾತ್ರಿ ತಂಗಿ ನಡೆಯಬೇಕಾಯಿತು. ಅದಕ್ಕೂ ಒಂದು ಅಡ್ಡದಾರಿಯನ್ನು ಕಂಡುಕೊಂಡಿದ್ದೇನೆ, ಆದರೆ ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ ಪರೀಕ್ಷಿಸುವವರೆಗೆ ಅದನ್ನು ಬರೆಯುವುದಿಲ್ಲ. ಆ ತಿಂಗಳಿನಲ್ಲಿ ಹೋಗುವವರು ಬೇಟೆಯ ಕಾಲ ಆರಂಭವಾಗಿರುವುದನ್ನು ನೆನಪಿಟ್ಟು, ಕಾಡುದಾರಿಗೆ ಕಿತ್ತಳೆ ಬಣ್ಣದ ಜಾಕೆಟ್ಟನ್ನು ತಪ್ಪದೆ ಒಯ್ಯಬೇಕು.