ಫೋರ್ ವೀಲ್ ಗಾಡಿ ಅದುರ್ತಿದೆಯಾ? ಕ್ಲಚ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಘಟ್ಟದ ಮೇಲಿನ ತೋಟದವರಿಗೆ ಫೋರ್ ವೀಲ್ ಡ್ರೈವ್ ಅಂದರೆ ಷೋಕಿ ಅಲ್ಲ. ಮಳೆಗಾಲದಲ್ಲಿ ಅದಿಲ್ಲದೆ ತೋಟದ ಇಳಿಜಾರಿನಿಂದ ಗಾಡಿ ಮೇಲೆ ಬರುವುದಿಲ್ಲ. ಬೆಟ್ಟದಿಂದ ಸೊಪ್ಪು ತರಲು, ಅಡಿಕೆ ಮೂಟೆ ಸಾಗಿಸಲು, ಶಿರಸಿ ಪೇಟೆಗೆ ಹೋಗಲು, ಕುಮಟಾದ ನೆಂಟರ ಮನೆಗೆ ಹೋಗಲು, ಎಲ್ಲಕ್ಕೂ ಅದೇ ಥಾರ್ ಅಥವಾ ಅದೇ ಹಳೆ ಜಿಪ್ಸಿ. ಇಂಥ ಗಾಡಿ ಒಂದು ದಿನ ಗಡಗಡ ಅದುರಲು ಶುರು ಮಾಡಿದರೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು ‘ಕ್ಲಚ್ ಹೋಗಿದೆ’. ಹೋಗಿರಲೂಬಹುದು. ಆದರೆ ಕ್ಲಚ್ ನೋಡಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು, ಬಹಳ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಸಮೇತ. ಕೂಲಿಯೇ ಜಾಸ್ತಿ ಆಗುತ್ತದೆ. ಅದಕ್ಕೂ ಮುಂಚೆ ಮನೆಯಂಗಳದಲ್ಲೇ ನೋಡುವಂಥದ್ದು ಬೇಕಾದಷ್ಟಿದೆ.

ಯಾವಾಗ ಅದುರುತ್ತದೆ?

‘ಅದುರುತ್ತದೆ’ ಎಂದಷ್ಟೇ ಹೇಳಿದರೆ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ನಿಂತಲ್ಲಿಂದ ಹೊರಡುವಾಗಲೋ, ಘಟ್ಟ ಹತ್ತುವಾಗಲೋ, ತಿರುವಿನಲ್ಲೋ, ಒಂದು ವೇಗ ದಾಟಿದ ಮೇಲೋ ಎಂದು ಗಮನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಈ ಲೇಖನ ಬಿಟ್ಟು ಬ್ರೇಕ್ ಡಿಸ್ಕ್ ನೋಡಿಸಿ. ಕಾರವಾರದ ಉಪ್ಪುಗಾಳಿಯಲ್ಲಿ ವಾರಗಟ್ಟಲೆ ನಿಂತ ಗಾಡಿಯ ಡಿಸ್ಕಿಗೆ ತುಕ್ಕು ಹಿಡಿಯುವುದು ಮಾಮೂಲು.

ಈಗ ಫೋರ್ ವೀಲ್ ಲಿವರ್ ನೋಡಿ

ನಗಬೇಡಿ. ಫೋರ್ ವೀಲ್ ಗಾಡಿಯಲ್ಲಿ ಇದೇ ಮೊದಲ ಅನುಮಾನ. ತೋಟದ ಕೆಸರು ದಾಟಲು ಹಾಕಿದ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನ) ಅನ್ನು ತೆಗೆಯದೇ ಡಾಂಬರು ರಸ್ತೆಗೆ ಬಂದುಬಿಡುತ್ತೇವೆ. ಥಾರ್, ಜಿಪ್ಸಿ, ಜಿಮ್ನಿಯಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್, ಅಂದರೆ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ, ಇಲ್ಲ. 4ಎಚ್ ಹಾಕಿದೊಡನೆ ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಬಿಗಿಯಾಗಿ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಓಡಬೇಕು. ಕೆಸರಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿಹೊಂದಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗ ಎಲ್ಲಿದೆ? ಒತ್ತಡ ಶಾಫ್ಟುಗಳಲ್ಲಿ ಕೂಡಿಕೊಂಡು ಟೈರ್ ಕುಪ್ಪಳಿಸುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಲಿವರ್ 2ಎಚ್‌ಗೆ (ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನಕ್ಕೆ) ಬರಲು ಒಪ್ಪುವುದೇ ಇಲ್ಲ. ಆಗ ಲಿವರ್ ಮೇಲೆ ಜೋರು ಮಾಡಬೇಡಿ. ಸ್ಟೀರಿಂಗ್ ನೇರ ಮಾಡಿ ಕೆಲವು ಮೀಟರ್ ರಿವರ್ಸ್ ಹೋಗಿ, ಇಲ್ಲವೇ ಎರಡು ಚಕ್ರ ಮಣ್ಣಿಗೆ ಇಳಿಸಿ. ತಾನಾಗಿ ಸಡಿಲಾಗುತ್ತದೆ.

ಟೈರುಗಳೂ ಇದೇ ಲೆಕ್ಕಕ್ಕೆ ಸೇರಿದವು. ಹಿಂದೆ ಹೊಸ ಟೈರ್, ಮುಂದೆ ಸವೆದದ್ದು ಇದ್ದರೆ ಸುತ್ತಳತೆಯೇ ಬೇರೆ. ಆಗ ನೇರ ರಸ್ತೆಯಲ್ಲೂ 4ಎಚ್ ಒಳಗೊಳಗೇ ಎಳೆದಾಡುತ್ತದೆ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಲ್ ವೀಲ್ ಡ್ರೈವ್ ಕಾರುಗಳಿಗೆ ಇದು ಇನ್ನೂ ಕೆಟ್ಟದ್ದು.

ಗಾಡಿ ತೊಳೆಯಿರಿ, ರಿಮ್ಮಿನ ಒಳಬದಿಯನ್ನೂ

ಹೊರಗೆ ಎಷ್ಟೇ ಫಳಫಳ ಇದ್ದರೂ ರಿಮ್ಮಿನ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಅಂಟಿರುತ್ತದೆ. ಒಂದೇ ಕಡೆ ಒಂದು ಮುಷ್ಟಿ ಮಣ್ಣು ಒಣಗಿದ್ದರೂ ಸಾಕು, ಹೈವೇಯಲ್ಲಿ ಸ್ಟೀರಿಂಗ್ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ಕೋಲು ಹಾಕಿ ಕೆರೆದು, ಪೈಪಿನಿಂದ ಜೋರಾಗಿ ನೀರು ಬಿಡಿ.

ಹೈವೇ ಪರೀಕ್ಷೆ

ಇದಕ್ಕೆ ಅಂಕೋಲಾ–ಕುಮಟಾ ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವಾಹನ ಕಡಿಮೆ ಇರುವ ನೇರ ತುಂಡು ಆಗಬಹುದು. ಘಟ್ಟದಲ್ಲಿ ಮಾತ್ರ ಬೇಡ. 2ಎಚ್‌ನಲ್ಲಿಟ್ಟು, ಅದುರುವ ವೇಗ ಬಂದಾಗ ಆ್ಯಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿ. ಅದುರು ತಕ್ಷಣ ನಿಂತರೆ ಕಾರಣ ಎಂಜಿನ್ ಕಡೆ ಇರಬಹುದು, ಅಥವಾ ಭಾರ ಬಿದ್ದಾಗ ಮಾತ್ರ ತೊಂದರೆ ತೋರುವ ಶಾಫ್ಟಿನ ಜಾಯಿಂಟ್ ಇರಬಹುದು. ನಿಲ್ಲದೆ ವೇಗದ ಜೊತೆ ನಿಧಾನವಾಗಿ ಇಳಿದರೆ ಟೈರ್ ಅಥವಾ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯುವ, ಮೇಲೆ ಹೇಳಿದ ಶಾಫ್ಟ್). ಆಮೇಲೆ ಅದೇ ವೇಗದಲ್ಲಿ ಒಂದು ಗೇರ್ ಕೆಳಗೆ ಹಾಕಿ ಓಡಿಸಿ. ಅದುರಿನ ಲಯ ಬದಲಾದರೆ ಎಂಜಿನ್, ಹಾಗೇ ಇದ್ದರೆ ಗೇರ್‌ಬಾಕ್ಸಿನ ಆಚೆಯದ್ದು.

ಟೈರ್, ಶಾಫ್ಟ್ ಎರಡರಲ್ಲಿ ಯಾವುದು? ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತದೆ. ಶಾಫ್ಟ್ ಅದರ ಸುಮಾರು ನಾಲ್ಕು ಪಟ್ಟು ತಿರುಗುತ್ತದೆ. ಹಾಗಾಗಿ ಟೈರಿನದು ಸ್ಟೀರಿಂಗಿನಲ್ಲೋ ಸೀಟಿನಲ್ಲೋ ಕುಲುಕಿದಂತೆ ತಿಳಿಯುತ್ತದೆ. ಶಾಫ್ಟಿನದು ಪಾದದಡಿಯಲ್ಲಿ ಗುಂಯ್‌ಗುಟ್ಟುತ್ತದೆ.

ಆಟೊಮ್ಯಾಟಿಕ್ ಗಾಡಿಯಾದರೆ ಕ್ಲಚ್ ಒತ್ತುವ ಮಾತಿಲ್ಲ. ಹದವಾದ ವೇಗದಲ್ಲಿ ಆ್ಯಕ್ಸಿಲರೇಟರ್ ತೆಳುವಾಗಿ ಒತ್ತಿದ್ದಾಗ ರಂಬಲ್ ಸ್ಟ್ರಿಪ್ ಮೇಲೆ ಹೋದಂತಾದರೆ ಟಾರ್ಕ್ ಕನ್ವರ್ಟರಿನ (ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಕೆಲಸ ಮಾಡುವ ಭಾಗ) ಲಾಕ್‌ಅಪ್, ಅಂದರೆ ಅದನ್ನು ಎಂಜಿನ್ನಿಗೆ ನೇರ ಬಿಗಿಯುವ ಹಿಡಿತದ ಮೇಲೆ ಅನುಮಾನ ಪಡಿ. ಎಡಗಾಲಿನಿಂದ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿ ನೋಡಿ. ಬಹಳ ಗಾಡಿಗಳಲ್ಲಿ ಆಗ ಲಾಕ್‌ಅಪ್ ಬಿಟ್ಟುಕೊಂಡು ಅದುರು ಮಾಯವಾಗುತ್ತದೆ.

ಅಡಿಗೆ ಹೋಗಿ ನೋಡುವುದು

ಸಮತಟ್ಟಾದ ಅಂಗಳ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಡಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಶಾಫ್ಟಿನ ತುದಿಯಲ್ಲಿರುವ ಕ್ರಾಸ್ ಜಾಯಿಂಟಿನ ಎರಡೂ ಬದಿಯನ್ನು ಒಂದೊಂದು ಕೈಯಲ್ಲಿ ಹಿಡಿದು ಎದುರುಬದುರಾಗಿ ತಿರುಚಿ. ಇಡೀ ಶಾಫ್ಟ್ ಒಟ್ಟಾಗಿ ಸ್ವಲ್ಪ ತಿರುಗಿದರೆ ಅದು ಡಿಫರೆನ್ಶಿಯಲ್ ಹಲ್ಲುಗಳ ಸಂದಿನಿಂದ, ಹೆದರಬೇಡಿ. ಕೈಗಳ ನಡುವೆಯೇ ಟಕ್ ಅಂದರೆ ಜಾಯಿಂಟ್ ಮುಗಿದಿದೆ. ಹೊರಡುವಾಗ, ರಿವರ್ಸ್ ಹಾಕುವಾಗ ಕೇಳುವ ಟಕ್ ಕೂಡ ಬಹಳ ಸಲ ಇದರದ್ದೇ.

ಕ್ರಾಸ್ ಜಾಯಿಂಟಿನ ಬೇರಿಂಗ್ ಕಪ್ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ ಎಂದು ಲೆಕ್ಕ. ನಮ್ಮಲ್ಲಿ ತೊಂದರೆ ಏನೆಂದರೆ ಮಣ್ಣೂ ಕೆಂಪು, ತುಕ್ಕೂ ಕೆಂಪು. ಒರೆಸಿ, ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಮತ್ತೆ ನೋಡಿ. ಆ ಕಪ್‌ನ ಸೀಲ್ ಸುತ್ತ ಮಾತ್ರ ಹೊಸ ಪುಡಿ ಬಂದಿದ್ದರೆ ಅದು ಮಣ್ಣಲ್ಲ. ಹೊಳೆ ದಾಟುವ ಗಾಡಿಗೆ ಮಳೆಗಾಲ ಮುಗಿದ ಮೇಲೆ ಗ್ರೀಸ್ ತುಂಬುವ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ಹೊಡೆಸಲೇಬೇಕು.

ಇತ್ತೀಚೆಗೆ ಶಾಫ್ಟ್ ಬಿಚ್ಚಿ ಜೋಡಿಸಿದ ಮೇಲೆಯೇ ಅದುರು ಶುರುವಾಯಿತಾ? ಹಾಗಾದರೆ ಸ್ಲಿಪ್ ಜಾಯಿಂಟ್ (ಶಾಫ್ಟ್ ಉದ್ದ ಹಿಗ್ಗಿ ಕುಗ್ಗಲು ಬಿಡುವ ಜೋಡಣೆ) ತಪ್ಪು ಹಲ್ಲಿಗೆ ಕೂತಿರಬಹುದು. ಸಾಮಾನ್ಯವಾಗಿ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿರಬೇಕು. ಮುಂದೆ ಯಾರೇ ಶಾಫ್ಟ್ ಬಿಚ್ಚಲಿ, ಮೊದಲೇ ಬಣ್ಣದಲ್ಲಿ ಗುರುತು ಹಾಕಲು ಹೇಳಿ. ಚಂದಕ್ಕೆಂದು ಗಾಡಿ ಎತ್ತರಿಸಿದ್ದರೆ ಜಾಯಿಂಟಿನ ಕೋನವೇ ಬದಲಾಗಿರುತ್ತದೆ. ಎಷ್ಟು ಕ್ರಾಸ್ ಹಾಕಿಸಿದರೂ ಅದುರು ಹೋಗುವುದಿಲ್ಲ. ಈ ಎತ್ತರಿಸುವ ಹುಚ್ಚು ನನಗಂತೂ ಅರ್ಥವಾಗಿಲ್ಲ.

ಹೊರಡುವಾಗ ಮಾತ್ರ ಅದುರಿದರೆ

ಮಣ್ಣಿನ ರಸ್ತೆಯಲ್ಲಿ ಒಮ್ಮೆ 2ಎಚ್, ಒಮ್ಮೆ 4ಎಚ್ ಹಾಕಿ ಹೊರಡಿ. 4ಎಚ್‌ನಲ್ಲಿ ಮಾತ್ರ ಅದುರಿದರೆ ಮುಂದಿನ ಶಾಫ್ಟ್, ಮುಂದಿನ ಆಕ್ಸಲ್ ಕಡೆ ಹೋಗಿ. ಎರಡರಲ್ಲೂ ಒಂದೇ ಥರ ಇದ್ದರೆ ಕ್ಲಚ್ಚೋ, ಎಂಜಿನ್ ಗೇರ್‌ಬಾಕ್ಸ್‌ಗಳನ್ನು ಹಿಡಿದಿಡುವ ಮೌಂಟಿಂಗೋ ಇರಬೇಕು. ಮೌಂಟಿಂಗ್ ರಬ್ಬರ್ ಹರಿದಿದೆಯಾ, ಎಣ್ಣೆ ಕುಡಿದು ಉಬ್ಬಿದೆಯಾ ಎಂದು ಟಾರ್ಚ್ ಹಿಡಿದು ನೋಡಿ. ರಬ್ಬರ್ ಅಗ್ಗ, ಕ್ಲಚ್ ದುಬಾರಿ. ಲೀಫ್ ಸ್ಪ್ರಿಂಗ್ ಇರುವ ಜೀಪಾದರೆ ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟುವ ಯು ಬೋಲ್ಟ್ ಬಿಗಿ ಇದೆಯೇ ನೋಡಿ. ಸಡಿಲಾಗಿದ್ದರೆ ಹೊರಡುವ ಹೊತ್ತಿಗೆ ಇಡೀ ಆಕ್ಸಲ್ ತಿರುಚಿಕೊಂಡು ಹಾರುತ್ತದೆ. ಇಷ್ಟೆಲ್ಲ ಸರಿ ಇದ್ದರೆ ಕ್ಲಚ್ಚೇ. ಬಿಚ್ಚಿದಾಗ ಪ್ಲೇಟಿಗೆ ಎಣ್ಣೆ ತಾಗಿದ್ದು ಕಂಡರೆ ಸೋರುವ ಆಯಿಲ್ ಸೀಲನ್ನೂ ಬದಲಾಯಿಸಿ.

ಕೊನೆಗೆ ಡಿಫರೆನ್ಶಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಆಯಿಲ್. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣನೆ ಹೊಳೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ತೂತು) ಅಥವಾ ಸೀಲ್ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಚಹಾದಂತಾಗಿದ್ದರೆ ಅಂದೇ ಬದಲಾಯಿಸಿ. ಡ್ರೈನ್ ಪ್ಲಗ್ಗಿಗೆ ಸಣ್ಣ ಲೋಹದ ಪುಡಿ ಅಂಟಿದ್ದರೆ ಅದು ಸವಕಳಿ, ಪರವಾಗಿಲ್ಲ. ಚೂರು ಸಿಕ್ಕಿದರೆ ಗಾಡಿ ಮತ್ತೆ ಓಡಿಸಬೇಡಿ. ಟೋ ಮಾಡಿಸುವಾಗಲೂ ಎರಡೇ ಚಕ್ರ ಎತ್ತಲು ಬಿಡದೆ, ನಾಲ್ಕೂ ಚಕ್ರ ಮೇಲೇರಿಸುವ ಲಾರಿಯನ್ನೇ ಕರೆಸಿ.